ಗೋಡೆಯೇ ಶಾಕ್ ಹೊಡೆದಾಗ: ಕೋಡಿಬಾಗದ ಒಂದು ಪ್ರಕರಣ

ಕಾರವಾರದ ಕೋಡಿಬಾಗದಲ್ಲಿ ಮೊದಲ ಮಹಡಿಯ ಮೇಲೊಂದು ಹಲ್ಲಿನ ಕ್ಲಿನಿಕ್ ಇದೆ. 2024ರ ಆಗಸ್ಟ್‌ನಲ್ಲಿ ಅದರ ಜಿಪ್ಸಮ್ ಪಾರ್ಟಿಷನ್ ಗೋಡೆ ಅಲ್ಲಿ ಕೆಲಸಕ್ಕಿದ್ದ ಹುಡುಗಿಗೆ ಶಾಕ್ ಹೊಡೆಯಿತು. ಅವಳು ವೈರ್ ಮುಟ್ಟಿರಲಿಲ್ಲ, ಸ್ವಿಚ್ ಮುಟ್ಟಿರಲಿಲ್ಲ. ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದ್ದ ಸ್ಟೀಲ್ ಶೆಲ್ಫಿನ ಅಂಚಿಗೆ ಅವಳ ಒದ್ದೆ ಮೊಣಕೈ ತಾಗಿತ್ತು, ಅಷ್ಟೆ. ಆ ಗೋಡೆಯನ್ನು ಬಿಚ್ಚಿ ನೋಡಿದವನು ನಾನು. ಅದಕ್ಕೆ ಎರಡು ತಿಂಗಳು ಮೊದಲೇ ಗೋಡೆಯೊಳಗೆ ಏನೋ ಸರಿಯಿಲ್ಲವೆಂಬ ಸೂಚನೆ ನನಗೆ ಸಿಕ್ಕಿತ್ತು, ನಾನು ಅದನ್ನು ತಪ್ಪಾಗಿ ಓದಿದ್ದೆ. ಆ ಭಾಗವನ್ನೂ ಬಿಡದೆ ಬರೆಯುತ್ತೇನೆ.

ನಮ್ಮ ಕರಾವಳಿಯ ಮನೆಗಳು ಚಿರೆಕಲ್ಲಿನವು. ಗೋಡೆ ಕೊರೆದು ಪಿವಿಸಿ ಪೈಪು ಹುದುಗಿಸಿ, ಮೇಲೆ ಸಿಮೆಂಟು ಬಳಿದು, ಒಣಗಿದ ಮೇಲೆ ವೈರ್ ಎಳೆಯುವುದು ನಾವೆಲ್ಲ ಕಲಿತ ಕೆಲಸ. ಪಾರ್ಟಿಷನ್ ಗೋಡೆ ಬೇರೆಯದೇ ಜಾತಿ. ನೆಲಕ್ಕೊಂದು ತಗಡಿನ ಚಾನೆಲ್, ಮೇಲೊಂದು ಚಾನೆಲ್, ಎರಡರ ನಡುವೆ ಎರಡೆರಡು ಅಡಿಗೆ ಒಂದರಂತೆ ನಿಲ್ಲಿಸಿದ ಜಿಐ ಸ್ಟಡ್ (ಸತು ಬಳಿದ ತಗಡಿನ ಕಂಬ), ಎರಡೂ ಬದಿಗೆ ಜಿಪ್ಸಮ್ ಬೋರ್ಡು. ಈ ಕ್ಲಿನಿಕ್ಕಿನಲ್ಲಿ ಸ್ಟಡ್ಡಿನ ಅಗಲ 48 ಮಿ.ಮೀ., ತಗಡಿನ ದಪ್ಪ ಅರ್ಧ ಮಿ.ಮೀ., ಬೋರ್ಡಿನ ದಪ್ಪ 12.5 ಮಿ.ಮೀ. ಬಣ್ಣ ಬಳಿದ ಮೇಲೆ ನೋಡುವವರಿಗೆ ಅದೊಂದು ಸಾಧಾರಣ ಗೋಡೆ. ಒಳಗೆ ನೋಡಿದರೆ, ಸ್ಟಡ್ಡಿಂದ ಚಾನೆಲ್ಲಿಗೆ, ಚಾನೆಲ್ಲಿಂದ ಮುಂದಿನ ಸ್ಟಡ್ಡಿಗೆ ಜೋಡಿಕೊಂಡು ಇಡೀ ಗೋಡೆಯೇ ಒಂದು ಲೋಹದ ಪಂಜರ. ಒಂದು ಕಡೆ ಕರೆಂಟು ಹತ್ತಿದರೆ ಎಲ್ಲ ಕಡೆಗೂ ಹತ್ತಿದಂತೆಯೇ.

ಒಂದು ದೊಡ್ಡ ಹಾಲನ್ನು ಹೀಗೆ ರಿಸೆಪ್ಷನ್, ಎರಡು ಚಿಕಿತ್ಸೆಯ ಕೋಣೆ, ಸಲಕರಣೆ ತೊಳೆಯುವ ಕೋಣೆ ಎಂದು ಪಾಲು ಮಾಡಿದ್ದರು. ಒಳಾಂಗಣದ ಗುತ್ತಿಗೆ ಹೊರಗಿನವರದು. ಪಾರ್ಟಿಷನ್ ಒಳಗಿನ ವೈರಿಂಗನ್ನೂ ಅವರ ಹುಡುಗರೇ ಮಾಡಿ ಮುಗಿಸಿದ್ದರು. ಅಕ್ಷಯ ತದಿಗೆಗೆ ಉದ್ಘಾಟನೆ ಇಟ್ಟುಕೊಂಡಿದ್ದರಿಂದ ಕೊನೆಯ ವಾರ ಹಗಲು ರಾತ್ರಿ ಕೆಲಸ ನಡೆದಿತ್ತಂತೆ. ನನಗೆ ಬಂದದ್ದು ಡಿಬಿ (ಎಲ್ಲ ಲೈನುಗಳೂ ಕವಲೊಡೆಯುವ ಪೆಟ್ಟಿಗೆ) ಕೂರಿಸುವುದು, ಎಸಿಗೆ ಲೈನ್ ಕೊಡುವುದು, ಆಮೇಲಿನ ಉಸ್ತುವಾರಿ. ನಾನು ಹೋಗುವಷ್ಟರಲ್ಲಿ ಗೋಡೆ ಮುಚ್ಚಿಯಾಗಿತ್ತು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಡಾಕ್ಟರಮ್ಮ ಫೋನ್ ಮಾಡಿದರು, ಬೆಳಿಗ್ಗೆ ಕ್ಲಿನಿಕ್ ತೆರೆದು ಆರ್‌ಸಿಸಿಬಿ ಎತ್ತಿದರೆ ನಿಲ್ಲುವುದಿಲ್ಲ, ತಟ್ ಎಂದು ಬೀಳುತ್ತದೆ ಎಂದು. ಕರೆಂಟು ಎಲ್ಲಾದರೂ ನೆಲಕ್ಕೆ ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಸುರಕ್ಷಾ ಸ್ವಿಚ್ ಅದು. ಒಂದೆರಡು ತಾಸು ಬಿಟ್ಟು ಎತ್ತಿದರೆ ನಿಲ್ಲುತ್ತಿತ್ತು. ಎಸಿಗೆ ಬೇರೆಯೇ ಬ್ರೇಕರ್ ಇದ್ದುದರಿಂದ ಅದು ಓಡುತ್ತಿತ್ತು. ಎಸಿ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಉಳಿದ ಲೈನುಗಳೂ ಸರಿಹೋಗುತ್ತವೆ ಎಂದು ರಿಸೆಪ್ಷನ್ನಿನ ಹುಡುಗಿ ಹೇಳಿದಳು. ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ಅದು. ಎಸಿ ಕೋಣೆಯ ತೇವವನ್ನು ಎಳೆದುಕೊಂಡಂತೆ ದೋಷ ಮರೆಯಾಗುತ್ತಿದೆ ಎಂದರೆ, ದೋಷವಿರುವುದು ತೇವ ತಾಗುವ ಜಾಗದಲ್ಲಿ. ನಾನು ಆಗ ಅಷ್ಟು ಯೋಚಿಸಲಿಲ್ಲ. ಮಳೆಗಾಲದಲ್ಲಿ ಇಂಥ ಫೋನು ದಿನಕ್ಕೆ ನಾಲ್ಕು ಬರುತ್ತವೆ. ಆರ್‌ಸಿಸಿಬಿಯೇ ಸೂಕ್ಷ್ಮವಾಗಿರಬೇಕು ಎಂದುಕೊಂಡು ಹೊಸದು ಹಾಕಿ ಬಂದೆ. ಅಂದು ಮಧ್ಯಾಹ್ನ ಅದು ನಿಂತಿತು. ನಿಲ್ಲಲೇಬೇಕಿತ್ತು, ಎಸಿ ಓಡುತ್ತಿತ್ತಲ್ಲ. ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೆಗ್ಗರ್ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಅದನ್ನು ತೆಗೆದು ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾನು ಸದಾಶಿವಗಡದ ಕಡೆ ಒಂದು ಮನೆಯ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಹೊಸ ಸೇತುವೆಯ ಮೇಲೂ ಸಂಚಾರ ನಿಲ್ಲಿಸಿದ್ದರು. ಹೊಳೆಯ ಆಚೆ ದಡ ಕಣ್ಣಿಗೆ ಕಾಣುತ್ತಿತ್ತು, ಹೋಗಲು ದಾರಿಯಿಲ್ಲ. ಅದೇ ಹೊತ್ತಿಗೆ ಡಾಕ್ಟರಮ್ಮನ ಫೋನು. ಆರ್‌ಸಿಸಿಬಿ ಮತ್ತೆ ನಿಲ್ಲುತ್ತಿಲ್ಲ, ಪೇಷಂಟುಗಳು ಬಂದು ಕೂತಿದ್ದಾರೆ. ನಾನು ಬರಲಾರೆ ಎಂದೆ. ಅವರು ಬೇರೆ ಯಾರನ್ನೋ ಕರೆಸಿದರು. ಬಂದವನು ಆರ್‌ಸಿಸಿಬಿಯ ಮೇಲಿನ ವೈರನ್ನೂ ಕೆಳಗಿನ ವೈರನ್ನೂ ನೇರ ಜೋಡಿಸಿ, ಇನ್ನು ತೊಂದರೆ ಇಲ್ಲ ಎಂದು ಹೇಳಿ ಹೋದ. ಕರೆಂಟು ಬಂತು. ಎರಡು ದಿನದ ಮೇಲೆ, ಟ್ರೇ ತೊಳೆಯುತ್ತಿದ್ದ ಹುಡುಗಿಯ ಮೊಣಕೈ ಶೆಲ್ಫಿಗೆ ತಾಗಿತು.

ಅವಳಿಗೆ ಪೆಟ್ಟೇನೂ ಆಗಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ತಾಗಿದ್ದು ಕ್ಷಣಮಾತ್ರ, ಕೈ ತಾನಾಗಿ ಹಿಂದಕ್ಕೆ ಸೆಳೆದುಕೊಂಡಿತು. ನಾನು ಹೋದಾಗ ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. 'ಅಣ್ಣಾ, ಗೋಡೆಯೊಳಗೆ ಎಂತ ಉಂಟು?' ಎಂದು ಕೇಳಿದಳು. ಅವಳು ಒರಗಿ ಕೂತಿದ್ದ ಬೆಂಚಿನ ಸ್ಟೀಲ್ ಕ್ಲಾಂಪು ಕೂಡ ಅದೇ ಗೋಡೆಗೆ ಸ್ಕ್ರೂ ಆಗಿತ್ತು. ದಿನವೂ ತಾಯಂದಿರು ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಬೆಂಚು ಅದು. ನಾನು ಮೊದಲು ಅವಳನ್ನು ಅಲ್ಲಿಂದ ಎಬ್ಬಿಸಿದೆ.

ಅಳತೆ ತೆಗೆಯುವಾಗ ಬೆಳಗಿನ ಒಂಬತ್ತು ಗಂಟೆ, ಹೊರಗೆ ಜಡಿಮಳೆ. ಶೆಲ್ಫಿನ ಸ್ಕ್ರೂವಿಗೂ ಅರ್ತಿಂಗಿಗೂ ಮೀಟರ್ ಹಿಡಿದರೆ 90 ವೋಲ್ಟಿನ ಆಸುಪಾಸು. ಬಾಗಿಲಿನ ಮೇಲಿನ ಕೀಲಿನ ಸ್ಕ್ರೂವಿನಲ್ಲೂ ಅಷ್ಟೇ, ಬೆಂಚಿನ ಕ್ಲಾಂಪಿನಲ್ಲೂ ಅಷ್ಟೇ. ಡಿಜಿಟಲ್ ಮೀಟರು ಒಮ್ಮೊಮ್ಮೆ ಹತ್ತಿರದ ವೈರಿನ ಪ್ರಭಾವಕ್ಕೆ ಸುಳ್ಳು ವೋಲ್ಟೇಜ್ ತೋರಿಸುವುದುಂಟು. ಅದೊಂದನ್ನೇ ನಂಬದೆ ಮೇನ್ ಆಫ್ ಮಾಡಿದೆ, ಎಲ್ಲ ಪ್ಲಗ್ ಕಿತ್ತೆ, ಆ ಸರ್ಕ್ಯೂಟಿನ ಫೇಸನ್ನೂ ನ್ಯೂಟ್ರಲ್ಲನ್ನೂ ಡಿಬಿಯಲ್ಲಿ ಬಿಚ್ಚಿ ಬೇರೆ ಮಾಡಿ 500 ವೋಲ್ಟಿನ ಮೆಗ್ಗರ್ ಹಾಕಿದೆ. ಇನ್ಸುಲೇಷನ್ ರೆಸಿಸ್ಟೆನ್ಸ್ ಕನಿಷ್ಠ 1 ಮೆಗಾ ಓಮ್ ಇರಬೇಕು, ಹೊಸ ವೈರಿಂಗಿನಲ್ಲಿ ನೂರಕ್ಕೂ ಮೇಲೆ ಬರುತ್ತದೆ. ಇಲ್ಲಿ ಫೇಸಿಗೂ ಅರ್ತಿಗೂ ನಡುವೆ ಬಂದದ್ದು 0.01 ಮೆಗಾ ಓಮ್, ಅಂದರೆ ಬರೀ 10 ಕಿಲೋ ಓಮ್.

ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. 230 ವೋಲ್ಟನ್ನು 10 ಕಿಲೋ ಓಮಿನಿಂದ ಭಾಗಿಸಿದರೆ 23 ಮಿಲಿ ಆಂಪ್. 30 ಮಿಲಿ ಆಂಪಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಹಾಗೆ ಬೀಳುವುದೇ ಅದರ ಧರ್ಮ. ಮೊದಲನೆಯ ಆರ್‌ಸಿಸಿಬಿಯೂ ಸರಿಯಿತ್ತು, ನಾನು ಹಾಕಿದ್ದೂ ಸರಿಯಿತ್ತು. ಅದೇ ಲೈನಿನ 16 ಆಂಪಿನ ಸಿ ಕರ್ವ್ ಎಂಸಿಬಿ (ಕರೆಂಟು ಮಿತಿ ಮೀರಿ ಹರಿದಾಗ ಬೀಳುವ ಬ್ರೇಕರ್) ತಕ್ಷಣ ಬೀಳಬೇಕೆಂದರೆ 80 ಆಂಪಾದರೂ ಹರಿಯಬೇಕು. ಇಪ್ಪತ್ತಮೂರು ಮಿಲಿ ಆಂಪ್ ಅದರ ಗಮನಕ್ಕೇ ಬರುವುದಿಲ್ಲ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿದ ಮೇಲೆ ಆ ಗೋಡೆಗೂ ಮನುಷ್ಯರಿಗೂ ನಡುವೆ ಕಾವಲು ಅಂತ ಏನೂ ಉಳಿದಿರಲಿಲ್ಲ.

ಸ್ವಿಚ್ ಬೋರ್ಡುಗಳಲ್ಲಿ ವೈರ್ ಬಿಚ್ಚಿ ಲೈನನ್ನು ಅರ್ಧ, ಮತ್ತೆ ಅರ್ಧ ಮಾಡುತ್ತಾ ಹೋದೆವು. ದೋಷ ರಿಸೆಪ್ಷನ್ ಬೋರ್ಡಿಗೂ ತೊಳೆಯುವ ಕೋಣೆಯ ಬೋರ್ಡಿಗೂ ನಡುವಿನ ಹನ್ನೆರಡು ಅಡಿ ಗೋಡೆಯಲ್ಲಿ ಸಿಕ್ಕಿತು. ನನ್ನ ಜೊತೆಗಿದ್ದ ಹುಡುಗ 'ಇಲಿ ಕಡಿದಿರ್ಬೇಕು ಅಣ್ಣ' ಎಂದ. ನಮ್ಮೂರಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಇಲಿಯೇ. ಬೋರ್ಡಿನ ಸ್ಕ್ರೂ ಗುರುತು ಹಿಡಿದು, ಪುಟ್ಟಿ ಕೆರೆದು, ಒಂದು ಹಾಳೆಯನ್ನು ಇಡಿಯಾಗಿ ಇಳಿಸಿದೆವು.

ಒಳಗೆ ಪೈಪೇ ಇರಲಿಲ್ಲ. 2.5 ಚದರ ಮಿ.ಮೀ.ನ ಮೂರು ಬಿಡಿ ವೈರುಗಳು, ಕೆಂಪು, ಕಪ್ಪು, ಹಸಿರು, ಸ್ಟಡ್ಡಿನಿಂದ ಸ್ಟಡ್ಡಿಗೆ ತೂಗಿಕೊಂಡು ಹೋಗಿದ್ದವು. ಈ ವೈರಿನ ಮೇಲಿರುವ ಪಿವಿಸಿ 0.8 ಮಿ.ಮೀ. ದಪ್ಪ, ಅಷ್ಟೇ. ಅದು ಪೈಪಿನೊಳಗೆ ಇರಲೆಂದು ಮಾಡಿದ ವೈರು, ಮೇಲೊಂದು ಹೊದಿಕೆ ಇಲ್ಲ. ಮೂರನೆಯ ಸ್ಟಡ್ಡಿನ ಹತ್ತಿರ ಟಾರ್ಚ್ ಹಿಡಿದಾಗ ಕಂಡಿತು. ತಗಡನ್ನು ಕತ್ತರಿಯಿಂದ ಗುಣಾಕಾರದ ಗುರುತಿನ ಹಾಗೆ ಸೀಳಿ, ನಾಲ್ಕು ಮೂಲೆಗಳನ್ನು ಒಳಕ್ಕೆ ಮಡಚಿ ತೂತು ಮಾಡಿದ್ದರು. ಮಡಚಿದ ನಾಲ್ಕರಲ್ಲಿ ಒಂದು ಎಸಳು ಅರ್ಧಕ್ಕೇ ನಿಂತು ಈಳಿಗೆಮಣೆಯ ಅಲಗಿನಂತೆ ಮೇಲ್ಮುಖವಾಗಿತ್ತು. ಮೂರೂ ವೈರುಗಳ ಭಾರ ಅದರ ಮೇಲೆ. ಕೆಂಪು ವೈರಿನ ತಳದಲ್ಲಿ ಆರು ಮಿ.ಮೀ. ಉದ್ದದ ನೇರ ಗೀರು, ಗೀರಿನೊಳಗೆ ತಾಮ್ರ. ತಾಮ್ರದ ಸುತ್ತ ತೆಳು ಹಸಿರು ಕಿಲುಬು. ತಗಡಿನ ಅಂಚಿನಲ್ಲಿ ಬಿಳಿ ಹುಡಿ, ಅದು ಸತುವಿನ ತುಕ್ಕು. ಬೆರಳಿಗೆ ಹತ್ತಿದ ಹುಡಿ ಜಿಗುಟಾಗಿತ್ತು. ಇಲಿ ಕಡಿದರೆ ಜೋಡಿ ಹಲ್ಲಿನ ಗುರುತು ಇರುತ್ತದೆ, ಪಿವಿಸಿಯ ಚೂರು ಕೆಳಗೆ ಬಿದ್ದಿರುತ್ತದೆ. ಇಲ್ಲಿ ಎರಡೂ ಇರಲಿಲ್ಲ.

ಸ್ಟಡ್ಡುಗಳಿಗೆ ವೈರಿಗೆಂದೇ ಕಾರ್ಖಾನೆಯಲ್ಲಿ ತೂತು ಹೊಡೆದಿರುತ್ತಾರೆ. ಎಲ್ಲ ಸ್ಟಡ್ಡನ್ನೂ ಒಂದೇ ಕಡೆ ಮುಖ ಮಾಡಿ, ಒಂದೇ ತುದಿಯನ್ನು ಕೆಳಗಿಟ್ಟು ನಿಲ್ಲಿಸಿದರೆ ಮಾತ್ರ ಆ ತೂತುಗಳು ಒಂದೇ ಸಾಲಿಗೆ ಬರುತ್ತವೆ. ಇಲ್ಲಿ ಮೂರನೆಯದನ್ನೂ ಐದನೆಯದನ್ನೂ ತಲೆಕೆಳಗಾಗಿ ನಿಲ್ಲಿಸಿದ್ದರು. ತೂತು ಅಡಿಗಿಂತಲೂ ಮೇಲಕ್ಕೆ ಹೋಗಿತ್ತು. ವೈರ್ ಎಳೆಯಲು ಬಂದವನ ಕೈಯಲ್ಲಿ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಇರಲಿಲ್ಲ, ಕತ್ತರಿ ಇತ್ತು. ಬಡಗಿಯ ಕೆಲಸದ ಒಂದು ಸಣ್ಣ ಅಜಾಗ್ರತೆ ಹೀಗೆ ಎಲೆಕ್ಟ್ರಿಷಿಯನ್ನನ ಕೆಲಸದಲ್ಲಿ ಬೆಳೆಯಿತು.

ಎಳೆಯುವಾಗಲೇ ಅಷ್ಟೂ ಕತ್ತರಿಸಿರಲಿಕ್ಕಿಲ್ಲ ಎಂದು ನನ್ನ ಎಣಿಕೆ. ಮೂರನೆಯ ಸ್ಟಡ್ಡು ಬಾಗಿಲಿನ ಪಕ್ಕದ್ದು. ಕೋಡಿಬಾಗದಲ್ಲಿ ಪಡುವಣದ ಕಿಟಕಿ ತೆರೆದಿಟ್ಟರೆ ಕಡಲ ಗಾಳಿಗೆ ಬಾಗಿಲು ದಡಾರೆಂದು ಬಡಿದುಕೊಳ್ಳುತ್ತದೆ. ಬಡಿದಾಗಲೆಲ್ಲ ಈ ಹಗುರ ಗೋಡೆ ಅದುರುತ್ತದೆ, ಗೋಡೆಯೊಡನೆ ಆ ಎಸಳೂ ಅದುರುತ್ತದೆ. ಗೋಡೆ ಎದ್ದಂದಿನಿಂದ ಜೂನ್‌ವರೆಗೆ ದಿನಕ್ಕೆ ಎಷ್ಟು ಸಲ ಬಾಗಿಲು ಬಡಿದಿರಬಹುದೋ ಅಷ್ಟು ಸಲ ಆ ಅಲಗು ವೈರಿನ ಮೇಲೆ ಆಡಿದೆ.

ಹಾಗಾದರೆ ಮೇ ತಿಂಗಳಿಡೀ ಏಕೆ ಏನೂ ಆಗಲಿಲ್ಲ? ಗೀರು ಬಿದ್ದಿದ್ದರೂ ತಾಮ್ರಕ್ಕೂ ತಗಡಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಇತ್ತು. ಒಣ ಗಾಳಿ 230 ವೋಲ್ಟನ್ನು ಅಲ್ಲಿ ತಡೆದು ನಿಲ್ಲಿಸುತ್ತದೆ. ಆದರೆ ನಮ್ಮ ಗಾಳಿಯಲ್ಲಿ ಉಪ್ಪಿದೆ. ಫಾಲ್ಸ್ ಸೀಲಿಂಗಿನ ಮೇಲಿನಿಂದ ಗೋಡೆಯೊಳಗೆ ಇಳಿದ ಉಪ್ಪಿನ ಹುಡಿ ಎಲ್ಲ ಅಂಚಿನಲ್ಲೂ ಕೂತಿರುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗಲು ತೊಡಗುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿ ಆ ಮಿತಿಯ ಮೇಲೆಯೇ ಇರುತ್ತದೆ. ಗೀರಿನ ಮೇಲೆ ಉಪ್ಪುನೀರಿನ ಒಂದು ಪೊರೆ ಕಟ್ಟಿತು, ಅದೇ ಕರೆಂಟಿಗೆ ಸೇತುವೆಯಾಯಿತು. ಎಸಿ ಓಡಿ ತೇವ ಇಳಿದರೆ ಪೊರೆ ಒಣಗುತ್ತದೆ, ಆರ್‌ಸಿಸಿಬಿ ನಿಲ್ಲುತ್ತದೆ. ರಿಸೆಪ್ಷನ್ನಿನ ಹುಡುಗಿಯ ಮಾತಿನಲ್ಲಿ ಇದೆಲ್ಲ ಇತ್ತು.

ಐದನೆಯ ಸ್ಟಡ್ಡಿನಲ್ಲಿ ಇನ್ನೊಂದು ಅಪಾಯ ಕಾದಿತ್ತು. ವೈರುಗಳು ಜೋತು ಬೀಳದಿರಲೆಂದು ಅವನ್ನು ಸ್ಟಡ್ಡಿನ ಮಡಿಕೆಯೊಳಗೆ, ಅಂದರೆ ಬೋರ್ಡಿನ ಬೆನ್ನಿಗೇ ಒತ್ತಿ ಕಟ್ಟಿದ್ದರು. ಬೋರ್ಡಿಗೆ ಹೊಡೆಯುವ ಸ್ಕ್ರೂ 25 ಮಿ.ಮೀ. ಉದ್ದ. ಬೋರ್ಡು ಮತ್ತು ತಗಡಿನ ದಪ್ಪ ಕಳೆದರೆ 12 ಮಿ.ಮೀ. ಒಳಗೆ ಚಾಚಿಕೊಳ್ಳುತ್ತದೆ. ಅಂಥ ಒಂದು ಸ್ಕ್ರೂವಿನ ಮೊನೆ ಕಪ್ಪು ವೈರನ್ನು ಕೆರೆದುಕೊಂಡು ಹೋಗಿತ್ತು. ತಾಮ್ರಕ್ಕೆ ಕಾಗದದಷ್ಟು ಪಿವಿಸಿ ಉಳಿದಿತ್ತು. ಅದೇ ವೈರು ಸ್ಟಡ್ಡಿನ ನಟ್ಟನಡುವೆ ಹೋಗಿದ್ದರೆ ಎರಡೂ ಮುಖದಿಂದ 24 ಮಿ.ಮೀ. ದೂರ ಇರುತ್ತಿತ್ತು, ಸ್ಕ್ರೂ ಮುಟ್ಟುತ್ತಿರಲಿಲ್ಲ. ಆದರೆ ಶೆಲ್ಫಿಗೋ ಟಿವಿಗೋ ಬಡಗಿ ಹೊಡೆಯುವ 50 ಮಿ.ಮೀ. ಸ್ಕ್ರೂ ನಡುವಿನವರೆಗೂ ಬರುತ್ತದೆ. 48ರ ಸ್ಟಡ್ಡಿನಲ್ಲಿ ವೈರನ್ನು ದೂರ ಇಟ್ಟು ಕಾಪಾಡುವುದಕ್ಕೆ ಮಿತಿಯಿದೆ.

ಈ ಬಗೆಯ ಗೋಡೆಯ ಜೊತೆ ಹೆಚ್ಚು ಕಾಲ ಬಾಳಿದವರು ಅಮೆರಿಕದವರು. ಅವರ ಎಲೆಕ್ಟ್ರಿಕಲ್ ಕೋಡ್ ಲೋಹದ ಸ್ಟಡ್ಡಿನ ತೂತಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಹೋಗುವುದಾದರೆ, ವೈರ್ ಎಳೆಯುವುದಕ್ಕೆ ಮೊದಲೇ ತೂತಿನ ಇಡೀ ಅಂಚನ್ನು ಮುಚ್ಚುವ ಬುಷ್ ಅಥವಾ ಗ್ರೊಮೆಟ್ ಕೂರಿಸಲು ಹೇಳುತ್ತದೆ. ಮೊಳೆ, ಸ್ಕ್ರೂ ತಾಗುವ ಸಂಭವವಿದ್ದರೆ 1.6 ಮಿ.ಮೀ. ದಪ್ಪದ ಉಕ್ಕಿನ ತಗಡನ್ನು ಅಡ್ಡ ಇಡಬೇಕು. ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671 ಇನ್ನೊಂದು ದಾರಿಯಿಂದ ಬರುತ್ತದೆ. ಒಳಗೆ ಲೋಹದ ಚೌಕಟ್ಟಿರುವ ಗೋಡೆಯಲ್ಲಿ ಕೇಬಲ್ ಎಷ್ಟೇ ಆಳದಲ್ಲಿರಲಿ, ಅರ್ತಾದ ಲೋಹದ ಕವಚ ಅಥವಾ ಪೈಪಿನಂಥ ರಕ್ಷಣೆ ಇಲ್ಲದಿದ್ದರೆ 30 ಮಿಲಿ ಆಂಪಿನ ಆರ್‌ಸಿಡಿ (ಆರ್‌ಸಿಸಿಬಿಯೂ ಅದೇ ಜಾತಿಯದು) ಇರಲೇಬೇಕು ಎನ್ನುತ್ತದೆ. ನಮ್ಮ ದೇಶದ ವೈರಿಂಗ್ ಮಾನಕ ಐಎಸ್ 732 ಕೂಡ ವೈರಿಗೆ ಯಾಂತ್ರಿಕ ಹಾನಿ ತಾಗದಂತೆ ನೋಡಿಕೊಳ್ಳಲು ಹೇಳುತ್ತದೆ. ನನ್ನ ಮಟ್ಟಿಗೆ ಗ್ರೊಮೆಟ್ಟೂ ಬೇಕು, ಆರ್‌ಸಿಸಿಬಿಯೂ ಬೇಕು. ಗ್ರೊಮೆಟ್ ಗಾಯ ಆಗದಂತೆ ತಡೆಯುತ್ತದೆ, ಆರ್‌ಸಿಸಿಬಿ ಗಾಯವಾದ ಮೇಲೆ ಜೀವ ಉಳಿಸುತ್ತದೆ. ಒಂದಿದೆ ಎಂದು ಇನ್ನೊಂದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ರಿಪೇರಿಗೆ ಇಳಿದಾಗ ಊರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನಮಗೆ ಗ್ರೊಮೆಟ್ ಸಿಗಲಿಲ್ಲ. ನನ್ನ ಹುಡುಗನೇ ಉಪಾಯ ಹೇಳಿದ. ಕಾರು, ಲಾರಿಗಳ ತಗಡಿನೊಳಗೆ ವೈರು ಹೋಗುವಲ್ಲಿ ರಬ್ಬರ್ ಬಳೆ ಇರುತ್ತದಲ್ಲ, ಅದು ಇದೇ ವಸ್ತು. ವಾಹನದ ಬಿಡಿಭಾಗದ ಅಂಗಡಿಯಲ್ಲಿ ಬೇಕಾದ ಅಳತೆಯದು ಸಿಕ್ಕಿತು, ಒಂದಕ್ಕೆ ಹತ್ತು ರೂಪಾಯಿ ಕೂಡ ಆಗಲಿಲ್ಲ. ಇಡೀ ಬಳೆಯಂಥದ್ದನ್ನೇ ಆರಿಸಿದೆ. ಸೀಳಿರುವುದು ಹಾಕಲು ಸುಲಭ, ಆದರೆ ಪೈಪು ಎಳೆಯುವಾಗ ಕಳಚಿ ಬೀಳುತ್ತದೆ, ಗೋಡೆ ಮುಚ್ಚಿದ ಮೇಲೆ ಬಿದ್ದದ್ದು ಗೊತ್ತೂ ಆಗುವುದಿಲ್ಲ.

ಹಳೆಯ ವೈರನ್ನು ಪೂರ್ತಿ ಎಳೆದು ಹಾಕಿದೆವು, ಟೇಪು ಸುತ್ತಿ ಉಳಿಸಿಕೊಳ್ಳುವ ಮಾತೇ ಇರಲಿಲ್ಲ. ಕತ್ತರಿಸಿದ ಎಸಳುಗಳನ್ನು ತೆಗೆದು, ಹೋಲ್ ಸಾ ಹಾಕಿ ಸ್ಟಡ್ಡಿನ ನಡುಮಧ್ಯೆ ದುಂಡು ತೂತು ಮಾಡಿ, ಅರ ಹಾಕಿ ಅಂಚು ನುಣುಪು ಮಾಡಿ, ಬರಿಯಾದ ಉಕ್ಕಿಗೆ ಜಿಂಕ್ ಬಣ್ಣ ಬಳಿದು, ಒಣಗಿದ ಮೇಲೆ ಗ್ರೊಮೆಟ್ ಕೂರಿಸಿದೆವು. ಅದರೊಳಗಿಂದ ಫ್ಲೆಕ್ಸಿಬಲ್ ಪಿವಿಸಿ ಪೈಪು, ಪೈಪಿನೊಳಗೆ ಹೊಸ ವೈರು. ಪೈಪು ಇದ್ದಮೇಲೆ ಗ್ರೊಮೆಟ್ ಏಕೆ ಎಂದು ಹುಡುಗ ಕೇಳಿದ. ಬಾಗಿಲು ತೆರೆದು ಗಾಳಿಗೆ ಬಿಟ್ಟೆ. ಅದು ಬಡಿದಾಗ ಸ್ಟಡ್ಡಿನ ಮೇಲೆ ಅವನ ಕೈ ಇಡಿಸಿದೆ. ಮತ್ತೆ ಕೇಳಲಿಲ್ಲ. ಸ್ವಿಚ್ ಬಾಕ್ಸಿನ ಮೇಲೆ ಪೈಪು ಗೋಡೆಯ ಮುಖಕ್ಕೆ ಹತ್ತಿರ ಬರುವಲ್ಲಿ ಮತ್ತು ಶೆಲ್ಫಿನ ಸಾಲಿನಲ್ಲಿ ಉಕ್ಕಿನ ಪಟ್ಟಿ ಇಟ್ಟೆವು. ಬೋರ್ಡು ಮುಚ್ಚುವ ಮೊದಲು ಅಳತೆಯ ಟೇಪು ಹಿಡಿದು ಫೋಟೋ ತೆಗೆದು, ಪ್ರಿಂಟು ಹಾಕಿಸಿ ಡಿಬಿಯ ಬಾಗಿಲ ಒಳಗೆ ಅಂಟಿಸಿದ್ದೇನೆ. ಮುಂದೆ ಯಾವ ಬಡಗಿ ಬಂದರೂ ಡ್ರಿಲ್ ಹಿಡಿಯುವ ಮೊದಲು ಅದನ್ನು ನೋಡಲಿ.

ಸ್ಟಡ್ಡಿನ ಚೌಕಟ್ಟನ್ನು ಅರ್ತ್ ಮಾಡಬೇಕೇ ಎಂಬುದರಲ್ಲಿ ನಮ್ಮ ಕಸುಬಿನವರಲ್ಲಿ ಒಮ್ಮತವಿಲ್ಲ. ಬೇರೆಲ್ಲೋ ದೋಷವಾದರೆ ಆ ವೋಲ್ಟೇಜನ್ನು ಅರ್ತ್ ವೈರೇ ಗೋಡೆಗೆ ತಂದುಕೊಡುತ್ತದೆ ಎನ್ನುವವರಿದ್ದಾರೆ, ಆ ಮಾತಿಗೆ ಅರ್ಥವಿದೆ. ಆದರೆ ಇಲ್ಲಿ ನಡೆದದ್ದನ್ನು ನೋಡಿ. ಗೋಡೆಗೆ ನೆಲದ ಸಂಪರ್ಕ ಇದ್ದುದು ನೆಲದ ಚಾನೆಲ್ಲಿನ ಮೊಳೆಗಳು ಮತ್ತು ಒದ್ದೆ ಕಾಂಕ್ರೀಟಿನ ಮೂಲಕ ಮಾತ್ರ. ಅದಕ್ಕೇ ಗೋಡೆ 90 ವೋಲ್ಟಿಗೆ ಏರಿ ನಿಂತಿತು. ಸರಿಯಾದ ಅರ್ತ್ ಇದ್ದಿದ್ದರೆ ಅದೇ ಸೋರಿಕೆಗೆ ಗೋಡೆಯ ವೋಲ್ಟೇಜ್ ಸೊನ್ನೆಯ ಹತ್ತಿರವೇ ಉಳಿಯುತ್ತಿತ್ತು. ಹಾಗಾಗಿ 4 ಚದರ ಮಿ.ಮೀ.ನ ಹಸಿರು ವೈರಿಗೆ ಲಗ್ ಒತ್ತಿ ಕೆಳಗಿನ ಚಾನೆಲ್ಲಿಗೂ ಮೇಲಿನ ಚಾನೆಲ್ಲಿಗೂ ಬಿಗಿದು ಡಿಬಿಯ ಅರ್ತ್ ಬಾರಿಗೆ ತಂದೆ. ಪ್ರತಿ ಸ್ಟಡ್ಡಿನಿಂದ ಬಾರಿಗೆ ರೆಸಿಸ್ಟೆನ್ಸ್ ನೋಡಿದೆ, ಎಲ್ಲ ಕಡೆಯೂ 1 ಓಮಿನೊಳಗೆ ಬಂತು. ಬೈಪಾಸ್ ಕಿತ್ತು 30 ಮಿಲಿ ಆಂಪಿನ ಆರ್‌ಸಿಸಿಬಿಯನ್ನು ಲೈನಿಗೆ ತಂದು, ಟೆಸ್ಟ್ ಬಟನ್ ಒತ್ತಿ, ಟೆಸ್ಟರ್ ಹಾಕಿ ಬೀಳಿಸಿ ನೋಡಿದೆ. ಮೆಗ್ಗರ್ 200 ಮೆಗಾ ಓಮಿನ ಮೇಲೆ ಹೋಯಿತು.

ಉಳಿದದ್ದು ಅದೇ ಕೈಗಳು ಕಟ್ಟಿದ ಇನ್ನೆರಡು ಗೋಡೆಗಳು. ಅವುಗಳ ಮೆಗ್ಗರ್ ಅಳತೆ ಸರಿಯಾಗಿಯೇ ಇತ್ತು. ಆದರೂ ಒಳಗೆ ಅಂಥವೇ ಎಸಳುಗಳಿವೆ ಎಂದು ತಿಳಿದ ಮೇಲೆ ಆ ವೈರಿಗೆ ಕರೆಂಟು ಕೊಡಲು ನನಗೆ ಮನಸ್ಸಾಗಲಿಲ್ಲ. ಎರಡೂ ಗೋಡೆ ಬಿಚ್ಚಲು ಇನ್ನೂ ಒಂದು ವಾರ ಕ್ಲಿನಿಕ್ ಮುಚ್ಚಬೇಕು. ಡಾಕ್ಟರಮ್ಮ ಅದಾಗಲೇ ನಾಲ್ಕು ದಿನ ಕಳೆದುಕೊಂಡಿದ್ದರು. ಒಳಗಿನ ವೈರನ್ನು ಎರಡೂ ತುದಿಯಲ್ಲಿ ಕತ್ತರಿಸಿ ಬಿಟ್ಟು, ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆದು ಹೊಸ ಲೈನ್ ಎಳೆಯೋಣ ಎಂದೆ. ಚಂದ ಕಾಣುವುದಿಲ್ಲ ಎಂಬುದನ್ನೂ ಹೇಳಿದೆ. ಅವರು ಗೋಡೆಯನ್ನು ಒಮ್ಮೆ ನೋಡಿ, 'ಕಣ್ಣಿಗೆ ಕಾಣುವ ಹಾಗೇ ಇರಲಿ, ನೀವು ಹೊಡೆಯಿರಿ' ಎಂದರು.

2025ರ ಜೂನ್‌ನಲ್ಲಿ, ಮಳೆ ಹಿಡಿದು ಹತ್ತು ದಿನವಾದ ಮೇಲೆ, ಯಾರೂ ಕರೆಯದಿದ್ದರೂ ಬೆಳಿಗ್ಗೆ ಎಂಟೂವರೆಗೆ ಹೋಗಿ ಎಸಿ ಹಾಕುವ ಮೊದಲೇ ಮೆಗ್ಗರ್ ಇಟ್ಟೆ. ರಿಪೇರಿಯಾದ ಗೋಡೆಯ ಲೈನು 200ರ ಮೇಲೆಯೇ ಇತ್ತು. ಗೋಡೆಗೂ ಅರ್ತಿಗೂ ನಡುವೆ ವೋಲ್ಟೇಜ್ ಸೊನ್ನೆ. ಆ ಹುಡುಗಿ ಟ್ರೇಗಳನ್ನು ಶೆಲ್ಫಿನಲ್ಲಿ ಜೋಡಿಸುತ್ತಿದ್ದಳು. ಮೀಟರನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ಅವಳು ಓದಿ ನೋಡಿ, ಕೈ ಒರೆಸಿಕೊಂಡು, ಹಿಂಗೈಯಿಂದ ಶೆಲ್ಫನ್ನು ಒಮ್ಮೆ ಮುಟ್ಟಿ, ಆಮೇಲೆ ಉಳಿದ ಟ್ರೇಗಳನ್ನು ಇಟ್ಟಳು.